ಮಿಸ್ತ್ರಿ ಕಾಕಾ ಕೂರಿಸಿದ ಹಗುರ ಬ್ಯಾಟರಿ

ಮಿಸ್ತ್ರಿ ಕಾಕಾ ಅವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಬ್ಯಾಟರಿಯ ಆಸಿಡ್ ಮುಟ್ಟಿ ಮುಟ್ಟಿ ಅದು ಹೊಳೆಯ ಹರಳಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ ಅವರ ಹೆಬ್ಬೆಟ್ಟನ್ನು ತಿರಸ್ಕರಿಸುತ್ತಿತ್ತು. "ನಾ ಅದೀನೋ ಇಲ್ಲೋ ಅಂತ ಸರಕಾರಕ್ಕ ಸಂಶೇ ಐತಿ ನೋಡಪಾ," ಎಂದು ನಗುತ್ತ ಅವರು ಎಡಗೈ ಮುಂದೆ ಮಾಡುತ್ತಿದ್ದರು. ಅಂಗಿಯ ಹೊಟ್ಟೆಯ ಭಾಗದಲ್ಲಿ ಸಾಸಿವೆಕಾಳಿನ ಗಾತ್ರದ ತೂತುಗಳು. ಹೊಸ ಅಂಗಿ ತೊಟ್ಟರೂ ವಾರದಲ್ಲಿ ಅದೇ ಗತಿ.

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ ತಗಡಿನ ಪತ್ರಾಸು ಹೊದಿಸಿದ ಅವರ ಬೈಕ್ ರಿಪೇರಿ ಅಂಗಡಿ ಇತ್ತು. ಪಂಕ್ಚರ್ ಹಾಕಿಸಲು ಬಂದವರಾಗಲಿ, ಬ್ರೇಕ್ ಬಿಗಿ ಮಾಡಿಸಲು ಬಂದವರಾಗಲಿ, ಕಾಕಾ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಗಾಡಿಗಿ ನೀರ ಕುಡಸೀಯೇನ?" ಉತ್ತರಕ್ಕೆ ಕಾಯದೆ ಬ್ಯಾಟರಿಯ ಬಿರಡೆ ತೆಗೆದು, ಒಳಗೆ ಇಣುಕಿ, ಬಾಟಲಿಯಿಂದ ಡಿಸ್ಟಿಲ್ಡ್ ನೀರು ಬಿಡುತ್ತಿದ್ದರು. ಅವರೂ ನಮ್ಮಂತೆ ಕುರಿ ಸಾಕುವ ಮನೆತನದವರು, ಬೀರೇಶ್ವರನ ಒಕ್ಕಲು. "ಹಟ್ಟಿಗಿ ಬಂದ ದನಕ್ಕ ಮೊದಲ ನೀರ ತೋರಸಬೇಕು. ಆಮ್ಯಾಲ ಮಾತು," ಎನ್ನುತ್ತಿದ್ದರು. ನಮ್ಮ ಕಡೆಯ ಹಳೆಯ ಗಾಡಿಗಳು ಬ್ಯಾಟರಿಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ತುಂಬಿ ಒಳಗಿನ ನೀರನ್ನು ಕುದಿಸುತ್ತವೆ. ಕಾಕಾ ಅದನ್ನು ರೋಗ ಎಂದು ಎಣಿಸಲಿಲ್ಲ. "ನೀರ ಕುದ್ದರ ನೀರ ಹಾಕಿದ್ರಾತು." ಸೀಸದ ಬ್ಯಾಟರಿ ಆ ಮಾತನ್ನು ಬಹಳ ವರ್ಷ ನಡೆಸಿಕೊಟ್ಟಿತು.

ಅವ್ವ ಕಾಲು ಮುರಿದುಕೊಂಡ ವರ್ಷ ನಮ್ಮ ಗಾಡಿಯ ಎಂಜಿನ್ ರಿಪೇರಿಗೆ ಬಿಚ್ಚಿಟ್ಟಿತ್ತು. ಅವ್ವನನ್ನು ಆಸ್ಪತ್ರೆಗೆ ಒಯ್ಯಲೆಂದು ಕಾಕಾ ತಮ್ಮ ಗಾಡಿಯ ಕೀಲಿಯನ್ನು ನನ್ನ ಕೈಗಿಟ್ಟು ಎರಡು ತಿಂಗಳು ಅಂಗಡಿಗೆ ನಡೆದೇ ಬಂದರು. ಮುಂದೆ ಬರೆಯಲಿರುವುದರಿಂದ ಇದು ಸುಳ್ಳಾಗುವುದಿಲ್ಲ.

ನಮ್ಮ ಮನೆ ಹುನ್ನೂರಿನಲ್ಲಿ. ಅಣ್ಣ ಸುಗ್ಗಿ ಮುಗಿದ ಹೊಲಗಳನ್ನು ಹುಡುಕಿಕೊಂಡು ಕುರಿಗಳ ಜೊತೆ ತಿಂಗಳುಗಟ್ಟಲೆ ಹೋಗುವವನು. ನಾನು ಸಮೀರವಾಡಿಯಲ್ಲಿ ಕಬ್ಬಿನ ರಸದ ಸಕ್ಕರೆ ಅಳೆಯುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಣ್ಣನ ಗಾಡಿಗೆ ಕಿಕ್ ಇಲ್ಲ, ಬಟನ್ ಒತ್ತಿಯೇ ಚಾಲೂ ಮಾಡಬೇಕು. ಅವನು ತಿರುಗಿ ಬರುವಷ್ಟರಲ್ಲಿ ನಿಂತಲ್ಲೇ ಬ್ಯಾಟರಿ ಸತ್ತಿರುತ್ತಿತ್ತು. ಲಿಥಿಯಂ ಬ್ಯಾಟರಿ ಆರು ತಿಂಗಳು ನಿಂತರೂ ಚಾರ್ಜ್ ಹಿಡಿದಿರುತ್ತದೆ, ತೂಕವೂ ಮೂರರಲ್ಲಿ ಒಂದು ಪಾಲು ಎಂದು ಓದಿ ನಾನು ಕಾಕಾ ಅವರನ್ನು ಕೇಳಿದೆ.

"ಒಂದು ಹಗರ ಡಬ್ಬಿ ರೊಕ್ಕಕ್ಕ ಮೂರು ಭಾರದ ಡಬ್ಬಿ ಬರತಾವಲೇ," ಎಂದು ಬೈದರು. "ಎತ್ತಿಗಿಂತ ಮೂಗುದಾಣಿ ತುಟ್ಟಿ."

ಮುಂದಿನ ವರ್ಷ ಅವರೇ ಫೋನ್ ಮಾಡಿದರು. "ಬಾರಲೇ, ನಿನ್ನ ಹಗರ ಡಬ್ಬಿ ಬಂದೈತಿ." ಎದುರಿಗೆ ಹೊಸದಾಗಿ ಅಂಗಡಿ ತೆರೆದಿದ್ದ ಹುಡುಗರು ಅವರನ್ನು 'ಆಸಿಡ್ ಅಜ್ಜ' ಎಂದು ಛೇಡಿಸುತ್ತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ಆ ದಿನ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಬೆಳಗಿನ ಹನ್ನೊಂದರ ಸುಮಾರಿಗೆ ಕಾಕಾ ಅಣ್ಣನ ಗಾಡಿಗೆ ಹೊಸ ಬ್ಯಾಟರಿ ಕೂರಿಸಿದರು. ಬೀರೇಶ್ವರನ ಭಂಡಾರದ ಚೀಲದಿಂದ ಒಂದು ಚಿಟಿಕೆ ಅರಿಷಿಣ ತೆಗೆದು ಅದರ ಮೇಲೆ ಹಚ್ಚಿದರು. ಗಾಡಿ ಚಾಲೂ ಮಾಡಿ, ಆಕ್ಸಿಲರೇಟರ್ ಏರಿಸಿ, ಮೀಟರಿನ ಎರಡು ತಂತಿ ಹಿಡಿದರು. ನಾನು ಅವರ ಭುಜದ ಹಿಂದೆ ನಿಂತಿದ್ದೆ. ಮೀಟರ್ ಹದಿನೈದು ಪಾಯಿಂಟ್ ಎಂಟು ವೋಲ್ಟ್ ತೋರಿಸಿತು. ಹದಿನಾಲ್ಕೂವರೆ ದಾಟಬಾರದೆಂದು ಬ್ಯಾಟರಿಯ ಡಬ್ಬಿಯ ಮೇಲೆಯೇ ಅಚ್ಚಾಗಿತ್ತು.

"ಹೆಚ್ಚಾತಲ್ರಿ ಕಾಕಾ?" ಎಂದೆ.

ಅವರು ತಕ್ಷಣ ತಂತಿ ಕಿತ್ತರು. "ಮೀಟರಿನ ಸೆಲ್ ಇಳದಾವಪಾ. ಸೆಲ್ ಇಳದ್ರ ಹಂಗ ಏರಿಸಿ ತೋರಸ್ತೈತಿ."

ಸೆಲ್ ಇಳಿದಾಗ ಮೀಟರ್ ಹೆಚ್ಚು ತೋರಿಸುವುದು ನಿಜ. ಅದಕ್ಕೇ ನಂಬಿದೆ. ದಿನವೆಲ್ಲ ಅಳೆಯುವುದೇ ನನ್ನ ಕೆಲಸ. ಎದುರಿನ ಅಂಗಡಿಯಿಂದ ಇನ್ನೊಂದು ಮೀಟರ್ ತರಬಹುದಿತ್ತು. ಕಾಕಾ ಅವರಿಗೆ ಅವಮಾನವಾದೀತೆಂದು ಸುಮ್ಮನಾದೆ.

ಮೂರನೆಯ ವಾರ ಅಣ್ಣ ಚಿಕ್ಕಪಡಸಲಗಿಯಿಂದ ಬರುತ್ತಿದ್ದಾಗ ಸೀಟಿನ ಕೆಳಗಿನಿಂದ ಹೊಗೆ ಬಂತು. ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ತಗುಲೀತೆಂದು ಅವನು ಸೀಟು ತೆಗೆದು, ಉಬ್ಬಿ ಕಾದ ಬ್ಯಾಟರಿಯನ್ನು ಬರಿಗೈಯಲ್ಲಿ ಕಿತ್ತು ಒಗೆದ. ಬಲಗೈ ಬೆಂದಿತು. ಗಾಯ ಮಾಯಿತು, ಆದರೆ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಉಣ್ಣೆ ಕತ್ತರಿಸುವ ಕತ್ತರಿಯನ್ನು ಅವನು ಮತ್ತೆ ಹಿಡಿಯಲಿಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಣ್ಣ ಕಾಕಾ ಅವರ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ. ನಾನು ಮೀಟರಿನ ಲೆಕ್ಕ ಹೇಳಿ ಮುಗಿಸುವ ಮೊದಲೇ ಕಾಕಾ ಎದ್ದು ನಿಂತರು.

"ನಾ ಬ್ಯಾಡ ಬ್ಯಾಡ ಅಂದೆ. ನಿನ್ನ ತಮ್ಮಾ ಹಟಾ ಹಿಡದಾ. ಸಾಲಿ ಕಲತಾಂವ, ನನ್ನ ಮಾತ ಎಲ್ಲಿ ಕೇಳ್ತಾನ?"

"ಕಾಕಾ, ನೀವ ಫೋನ್ ಮಾಡಿ ಕರದಿದ್ರಿ," ಎಂದೆ.

ಅಣ್ಣ ನನ್ನ ಕಡೆ ನೋಡಲಿಲ್ಲ. "ಭಂಡಾರ ಮುಟ್ಟಿ ಹೇಳ್ರಿ ಕಾಕಾ," ಎಂದ.

ಕಾಕಾ ಚೀಲ ಬಿಚ್ಚಿದರು. ಆ ನುಣುಪು ಹೆಬ್ಬೆರಳಿನಿಂದ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡು, "ಬ್ಯಾಡ ಅಂದಿದ್ನಿ," ಎಂದರು. ನಾನು ನೋಡುತ್ತಲೇ ಇದ್ದೆ.

ನಮ್ಮಲ್ಲಿ ಅಲ್ಲಿಗೆ ಮಾತು ಮುಗಿಯುತ್ತದೆ. ಭಂಡಾರ ಮುಟ್ಟಿದವರ ಮೇಲೆ ಪ್ರಶ್ನೆ ಇಲ್ಲ. ಅಣ್ಣ ಅಂದಿನಿಂದ ನನ್ನೊಡನೆ ಮಾತು ಬಿಟ್ಟ. ನಾನು ಮನೆಗೆ ಹೋದರೆ ಎದ್ದು ಕುರಿಹಟ್ಟಿಗೆ ಹೋಗುತ್ತಿದ್ದ. ಎರಡು ವರ್ಷ ನಾವು ಒಂದು ಪಂಕ್ತಿಯಲ್ಲಿ ಕುಳಿತು ಉಣ್ಣಲಿಲ್ಲ.

ಆ ಬ್ಯಾಟರಿ ಕೊಟ್ಟ ಬೆಲೆಗೆ ತಕ್ಕದ್ದೇ ಎಂದು ಗೆಳೆಯರು ಕೇಳುತ್ತಾರೆ. ನನ್ನ ಗಾಡಿಯಲ್ಲಿ ಈಗ ಅದೇ ಜಾತಿಯದು ಇದೆ. ಚಾರ್ಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಬದಲಿಸಿ, ನಾನೇ ಅಳೆದು ಹಾಕಿಕೊಂಡಿದ್ದೇನೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಅದು ತಕ್ಕದ್ದೇ. ದಿನಾ ಓಡುವ ಗಾಡಿಗೆ ಸೀಸವೇ ಸಾಕು. ಹಳೆಯ ಗಾಡಿಯಾದರೆ ರೆಗ್ಯುಲೇಟರಿನ ಖರ್ಚನ್ನೂ ಸೇರಿಸಿಯೇ ಯೋಚಿಸಬೇಕು. ಇಷ್ಟು ಹೇಳಲು ನನಗೆ ಈಗ ಎರಡು ನಿಮಿಷ ಸಾಕು. ಅಂದು ಕಾಕಾ ಅವರಿಗೆ ಇದು ಗೊತ್ತಿರಲಿಲ್ಲ.

ಅವರು ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನೋಡಲು ಹೋದೆ. ಹೊರಸಿನ ಮೇಲೆ ಮಲಗಿದ್ದವರು ಮನೆಯವರನ್ನು ಚಹಾ ಮಾಡಲು ಒಳಗೆ ಕಳಿಸಿದರು.

"ಮೀಟರ್ ಛಲೋ ಇತ್ತು," ಎಂದರು. "ಹದಿನೈದೂ ಎಂಟ. ನಾ ನೋಡಿದ್ನಿ."

ನಾನು ಹೊರಸಿನ ಹತ್ತಿರಕ್ಕೆ ಸರಿದು ಕುಳಿತೆ.

"ಇದೂ ನೀರಿನ ಡಬ್ಬಿ ಇದ್ದಂಗ, ಒಂಚೂರ ಹೆಚ್ಚಾದ್ರ ತಡಕೋತೈತಿ ಅಂದ್ಕೊಂಡ್ನಿ. ಅದರ ಗುಣಾ ನನಗ ಗೊತ್ತಿಲ್ಲ ಅಂತ ನಿನ್ನ ಮುಂದ ಹೆಂಗ ಹೇಳ್ಲಿ? ನಿನಗ ಗಾಡಿ ಕಲಿಸಿದಾಂವ ನಾ."

"ಅಣ್ಣಗ ಹೇಳ್ರಿ ಕಾಕಾ. ಒಂದ ಮಾತ ಹೇಳ್ರಿ. ನಾ ಈಗ ಕರಕೊಂಡ ಬರತೇನಿ."

"ಭಂಡಾರ ಮುಟ್ಟೇನಲ್ಲೋ," ಎಂದರು. ಆಮೇಲೆ ಗೋಡೆಯ ಕಡೆ ಹೊರಳಿದರು. ಚಹಾ ಬಂತು. ಕುಡಿದು ಎದ್ದೆ.

ಹನ್ನೆರಡು ದಿನಕ್ಕೆ ಅವರು ತೀರಿಕೊಂಡರು. ಮಣ್ಣಿಗೆ ಅಣ್ಣನೂ ಬಂದಿದ್ದ. ಮಡಚದ ಬೆರಳುಗಳ ಸಂದಿಯಿಂದ ಮಣ್ಣು ಸೋರಿಹೋಗುತ್ತಿದ್ದರೂ ಮೂರು ಸಲ ತುಂಬಿ ತುಂಬಿ ಹಾಕಿದ. ಕಣ್ಣು ಒರೆಸಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತ. ಎರಡು ವರ್ಷಗಳ ಮೇಲೆ ಮೊದಲ ಸಲ ನನ್ನ ಹೆಗಲ ಮೇಲೆ ಕೈಯಿಟ್ಟ.

"ಆತು ಬಿಡು. ಆ ದೊಡ್ಡ ಮನಷ್ಯಾ ಬ್ಯಾಡ ಅಂದಿದ್ದ, ನೀ ಕೇಳಲಿಲ್ಲ. ಸಣ್ಣಾಂವ ಅದಿ. ಮನಿಗಿ ನಡಿ, ಕೂಡಿ ಊಟಾ ಮಾಡೂಣು."

ಮೀಟರಿನ ಮಾತು ಆಗಲೇ ಹೇಳಿಬಿಡಬಹುದಿತ್ತು. ಹೆಗಲ ಮೇಲಿನ ಕೈಯ ಭಾರ ಹಾಗೇ ಇತ್ತು.

"ಹೌದಣ್ಣಾ," ಎಂದೆ. "ಕೇಳಲಿಲ್ಲ."