ಮಳವಳ್ಳಿ ಕೋರ್ಟಿನಲ್ಲಿ ಸಿದ್ದಮ್ಮನ ಸರದಿ

"ಮಾವ, ಲಾ ಬಿಟ್ಬಿಡ್ತೀನಿ" ಅಂದ ನನ್ನ ಅಕ್ಕನ ಮಗ ನಾಗರಾಜ, ಹನಕೆರೆಯಿಂದ ಭಾನುವಾರ ಬಂದವನೇ. ಎರಡನೇ ವರ್ಷದಲ್ಲಿದ್ದಾನೆ. "ಬರೀ ಸೆಕ್ಷನ್ ಉರು ಹೊಡೆಯೋದು. ಯಾತಕ್ಕೆ ಅಂತಾನೇ ಗೊತ್ತಾಗ್ತಿಲ್ಲ."

ನಾನು ವಕೀಲ. ಭಾಷಣ ಬಿಗಿಯಲು ಇಷ್ಟು ಸಾಲದೇ? ನ್ಯಾಯ, ಸಮಾನತೆ, ದುರ್ಬಲರ ರಕ್ಷಣೆ... ಎಮರ್ಜೆನ್ಸಿ ಮುಗಿದ ಮೇಲಂತೂ ನಮ್ಮ ಮಂಡ್ಯದ ಕರಿಕೋಟಿನವರ ಬಾಯಲ್ಲಿ ಸಂವಿಧಾನ ಎಲೆಅಡಿಕೆಯ ಹಾಗೆ. (ಅಗಿಯುತ್ತೇವೆ, ಉಗಿಯುತ್ತೇವೆ.) ನಾಗರಾಜ ಆಕಳಿಸಿದ.

"ನಾಳೆ ನನ್ನ ಜೊತೆ ಮಳವಳ್ಳಿಗೆ ಬಾ. ಕಾನೂನು ಯಾತಕ್ಕಿದೆ ಅಂತ ತೋರಿಸ್ತೀನಿ" ಅಂದೆ.

ತೋರಿಸಿದ್ದೇನು ಗೊತ್ತೆ? ಕ್ಯಾಂಟೀನು! ನನ್ನ ಕೇಸು ಐದು ನಿಮಿಷದಲ್ಲಿ ಮುಂದಕ್ಕೆ ಹೋಯಿತು. ಆಮೇಲೆ ನಾವು ನಾಲ್ಕು ಜನ ವಕೀಲರು ಕಾಫಿ ಹೀರುತ್ತಾ, ನಮ್ಮ ನಮ್ಮ ವಾದವೈಖರಿಯನ್ನು ನಾವೇ ಹೊಗಳಿಕೊಳ್ಳುತ್ತಾ ಕೂತೆವು. ನಾಗರಾಜ ಬೇಸತ್ತು ಎದ್ದು ಹೋದ.

ಹತ್ತು ನಿಮಿಷಕ್ಕೆ ಓಡಿ ಬಂದ. "ಮಾವ, ಹೊಂಗೆ ಮರದ ಕೆಳಗಿರೋ ಅಜ್ಜಿ ಕೈಲಿ ಸಮನ್ಸ್ ಇದೆ. ತಾರೀಖು ಇವತ್ತೇ!"

ಎದ್ದು ಹೋಗಿ ನೋಡಿದರೆ, ಹಲಗೂರಿನ ಕಡೆಯ ಸಿದ್ದಮ್ಮ. ಆಕೆಯ ಹೊಲ ತನ್ನದೆಂದು ಮೈದುನ ದಾವಾ ಹಾಕಿದ್ದ. ಮೊದಲನೇ ಬಸ್ಸಿಗೇ ಬಂದು ಕೂತಿದ್ದಳು. ಕಾಗದ ಇಂಗ್ಲಿಷಿನಲ್ಲಿತ್ತು. ಜವಾನ ವರಾಂಡದಲ್ಲಿ ನಿಂತು ಗಂಟಲೊಳಗೇ ಎರಡು ಸಲ ಹೆಸರು ಕೂಗಿಯಾಗಿತ್ತು. ಇನ್ನೊಂದು ಸಲ ಕೂಗಿದಾಗ ಇಲ್ಲದಿದ್ದರೆ 'ಗೈರುಹಾಜರಿ'. ದಾವಾ ಏಕಪಕ್ಷೀಯ, ಅಂದರೆ ಆಕೆಯ ಮಾತು ಕೇಳದೆಯೇ ತೀರ್ಪು.

"ಒಳಕ್ಕೆ ಯಾಕೆ ಬರಲಿಲ್ಲಮ್ಮ?" ಅಂತ ಗದರಿದೆ. (ಗದರುವುದು ನಮಗೆ ಬಲು ಸಲೀಸು.)

"ಬಂದಿದ್ನಲ್ಲ ಸ್ವಾಮಿ. ಆಚೆ ಕೂತ್ಕೋ, ಕರೀತೀವಿ ಅಂದ್ರು. ನಿಮ್ಮನ್ನೂ ಕೇಳಿದ್ನಲ್ಲ, ನೀವು ಆ ಕಡೆ ಓಗು ಅಂದ್ರಿ."

ಹೌದು, ಅಂದಿದ್ದೆ. ಮುಖ ನೋಡದೆ ಅಂದಿದ್ದೆ.

ಅಷ್ಟರಲ್ಲಿ ಮೂರನೇ ಕೂಗು. ನಾಗರಾಜ ಆಕೆಯ ಕೈ ಹಿಡಿದುಕೊಂಡು ಒಳಗೆ ನುಗ್ಗಿದ. ಹಿಂದೆಯೇ ನಾನೂ ಹೋದೆ. "ಇಲ್ಲೇ ಇದಾರೆ ಸ್ವಾಮಿ!"

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. "ನೀವು ಯಾರು? ವಕೀಲರೇ?"

"ಅಲ್ಲ ಸ್ವಾಮಿ. ಓದ್ತಾ ಇದೀನಿ." ಆಕೆಯ ಕೈಲಿದ್ದ ಸಮನ್ಸ್ ತೋರಿಸಿದ. "ಇವರಿಗೆ ಕಾಗದದಲ್ಲಿ ಏನಿದೆ ಅಂತ ಯಾರೂ ಓದಿ ಹೇಳಿಲ್ಲ."

ಕೋರ್ಟಿನ ತುಂಬ ಕರಿಕೋಟುಗಳಿದ್ದವು. ಒಂದೂ ಮಿಸುಕಲಿಲ್ಲ. ನ್ಯಾಯಾಧೀಶರು ನಮ್ಮನ್ನೆಲ್ಲ ಒಮ್ಮೆ ನೋಡಿ, ವಕೀಲರನ್ನಿಟ್ಟುಕೊಂಡು ಉತ್ತರ ಸಲ್ಲಿಸಲು ಸಿದ್ದಮ್ಮನಿಗೆ ಒಂದು ತಿಂಗಳು ಕೊಟ್ಟರು. ಆಕೆಯ ವಕಾಲತ್ತಿಗೆ ಅಲ್ಲೇ ನಾನು ಸಹಿ ಹಾಕಿದೆ. (ನಾಚಿಕೆಗೆ. ಉದಾರತೆ ಎಂದು ದಯವಿಟ್ಟು ಯಾರೂ ತಿಳಿಯಬೇಡಿ.)

ಹೊರಗೆ ಸಿದ್ದಮ್ಮ ನಾಗರಾಜನ ಗಲ್ಲ ಹಿಡಿದು, "ಚೆನ್ನಾಗ್ ಓದು ಕಣಪ್ಪ. ಓದ್ಬುಟ್ಟು ಇಂಗೇ ಇರು" ಅಂದಳು.

ಬಸ್ಸಿನಲ್ಲಿ ಅವನು ನನ್ನನ್ನು ಕೇಳಿದ: "ಮಾವ, ಒಂದು ತಿಂಗಳೊಳಗೆ ಉತ್ತರ ಸಲ್ಲಿಸದಿದ್ದರೆ ಏನಾಗುತ್ತೆ? ಯಾವ ಸೆಕ್ಷನ್ನು?" ಊರು ಬರುವವರೆಗೂ ಬಿಡಲಿಲ್ಲ. ಲಾ ಬಿಡುವ ಮಾತೇ ಇಲ್ಲ.

ಅವನೇನೋ ಕಲಿಯಲು ಕಾರಣ ಹುಡುಕಿಕೊಂಡ. ಕಲಿತು ಮುಗಿಸಿದೆವೆಂದು ಬೀಗುವ ನಮ್ಮನ್ನು ಯಾವ ಕಾಲೇಜಿಗೆ ಸೇರಿಸುವುದು?