ಸತ್ತ ಬ್ಯಾಟರಿಯ ಹನ್ನೆರಡೂವರೆ ವೋಲ್ಟ್

ಸ್ನೇಹಿತರೇ, ಇವತ್ತು ಕೊಪ್ಪದ ಬ್ಯಾಟರಿ ಅಂಗಡಿಯಲ್ಲಿ ನಾಲ್ಕು ಜನರ ಎದುರು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಸುಳ್ಳ ಎಂದುಬಿಟ್ಟೆ.

ಸ್ಟಾರ್ಟ್ ಆಗದ ಜೀಪನ್ನು ತಳ್ಳಿಸಿಕೊಂಡು ಹೋಗಿದ್ದೆ. "ಬ್ಯಾಟರಿ ಹೋಗಿದೆ ಸಾರ್" ಎಂದರು ಅಂಗಡಿಯ ಸುಂದರಣ್ಣ. ನಾನು ಕಾಲೇಜಿನಿಂದ ತಂದಿದ್ದ ಮೀಟರ್ ಹಚ್ಚಿದೆ. ಹನ್ನೆರಡೂವರೆ ವೋಲ್ಟ್! "ಹೊಸದು ಮಾರಲಿಕ್ಕೆ ಸುಳ್ಳು ಹೇಳ್ತೀರಾ?" ಎಂದು ಕೂಗಾಡಿದೆ.

ಅವರು ಸಿಟ್ಟಾಗಲಿಲ್ಲ. "ಮೀಟರ್ ತೆಗೀಬೇಡಿ ಮಾರಾಯ್ರೆ, ಹಾಗೇ ಹಾರ್ನ್ ಒತ್ತಿ."

ಒತ್ತಿದೆ. ಹಾರ್ನ್ ನರಳಿತು, ಮುಳ್ಳು ಏಳಕ್ಕೆ ಇಳಿಯಿತು.

"ಸುಮ್ನೆ ಅಳೆದ್ರೆ ಸತ್ತ ಬ್ಯಾಟರಿನೂ ಹನ್ನೆರಡು ತೋರಿಸ್ತದೆ ಸಾರ್. ಲೋಡ್ ಬಿದ್ದಾಗ ನೋಡ್ಬೇಕು."

ಕರೆಂಟ್ ಹರಿಯದಿರುವಾಗ ಸಿಗುವುದು ಇಎಮ್ಎಫ್, ಅಂದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್. ಹರಿಯತೊಡಗಿದರೆ ಬ್ಯಾಟರಿಯ ಒಳಗಿನ ರೋಧವೇ ಒಂದಷ್ಟು ವೋಲ್ಟೇಜನ್ನು ನುಂಗುತ್ತದೆ; ಸತ್ತ ಬ್ಯಾಟರಿಯಲ್ಲಿ ಆ ರೋಧ ತುಂಬಾ ಹೆಚ್ಚು. ಇವತ್ತು ಬೆಳಿಗ್ಗೆಯಷ್ಟೇ ಸೆಕೆಂಡ್ ಪಿಯುಸಿಯವರಿಗೆ ಇದನ್ನೇ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ.

ಕ್ಷಮೆ ಕೇಳಿದೆ. ಹೊಸ ಬ್ಯಾಟರಿ ಕೂರಿಸುತ್ತಾ ಸುಂದರಣ್ಣ ಕೇಳಿದರು: "ಕಾಲೇಜಲ್ಲಿ ಎಂತ ಪಾಠ ಮಾಡ್ತೀರಿ ಸಾರ್?"

"ಹಿಸ್ಟರಿ" ಎಂದೆ, 'ಭೌತಶಾಸ್ತ್ರ ವಿಭಾಗ' ಎಂದು ಬಣ್ಣದಲ್ಲಿ ಬರೆದಿದ್ದ ಮೀಟರನ್ನು ಬೆನ್ನ ಹಿಂದೆ ಹಿಡಿದುಕೊಂಡು.