ದೂಡಿದರೆ ಓಡುವ ಕ್ಲಚ್ಚು

ನನ್ನ ಗಂಡ ದೇವದಾಸ್ ಕೂತಲ್ಲೇ ಕೂತು ಊಟ ಮುಗಿಸಿದ್ದನ್ನು ನಾನು ನೋಡಿದ್ದು ಮದುವೆಯ ದಿನ ಮಾತ್ರ. ಆಮೇಲೆಲ್ಲ ಒಂದು ತುತ್ತು, ಎದ್ದುಹೋಗಿ ಒಂದು ನಟ್ಟು, ಬಂದು ಇನ್ನೊಂದು ತುತ್ತು. ಮೂವತ್ತು ವರ್ಷ ಬಂದರಿನಲ್ಲಿ ಮೀನಿನ ಬೋಟುಗಳ ಇಂಜಿನ್ ಬಿಚ್ಚಿ ಕಟ್ಟಿದ ಮನುಷ್ಯ. ಈಗ ಉಳ್ಳಾಲದ ನಮ್ಮ ಮನೆಯಂಗಳವೇ ಅವರ ಗ್ಯಾರೇಜು.

ಇಂಥವರ ಕೈಗೆ ಕುಲಶೇಖರದ ಯೂಸ್ಟೇಸ್ ಪೊರ್ಬುಗಳ ಕಾರು ಎಂದೋ ಸಿಕ್ಕಿಹಾಕಿಕೊಂಡಿತ್ತು. ನಮ್ಮ ಕಡೆ ಕ್ರಿಶ್ಚಿಯನ್ ಯಜಮಾನರನ್ನು ಪೊರ್ಬುಗಳು ಎನ್ನುವುದು, ಅವರ ಹೆಂಗಸರನ್ನು ಬಾಯಿ. ಕಾರು ಇಟಲಿಯ ಲ್ಯಾನ್ಸಿಯಾ ಫುಲ್ವಿಯಾ, ಅದರಲ್ಲೂ ರೇಸಿಗೆಂದೇ ಮಾಡಿದ್ದು. ರೇಸಿಗಿಳಿಸಬೇಕಾದರೆ ಅದೇ ಕಾರನ್ನು ಜನರಿಗೂ ಮಾರಬೇಕೆಂಬ ನಿಯಮವಿತ್ತಂತೆ, ಹಾಗಾಗಿ ಒಂದಿಷ್ಟು ರಸ್ತೆಗೂ ಬಂದವು. ಭಾರ ಇಳಿಸಲು ಬಾನೆಟ್ಟು, ಬಾಗಿಲು ಎಲ್ಲ ಅಲ್ಯೂಮಿನಿಯಂ. ಪೊರ್ಬುಗಳ ತಂದೆ ನೈರೋಬಿಯಲ್ಲಿ ಕೊಂಡು ಹಡಗಿನಲ್ಲಿ ತಂದದ್ದು. ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲಿ ಕುದಿಯುತ್ತದೆಂದು ಇನ್ನೊಂದು ಫ್ಯಾನ್ ಕೂರಿಸಿದ್ದು, ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಕಬ್ಬಿಣಕ್ಕೂ ಅಲ್ಯೂಮಿನಿಯಮಿಗೂ ನಡುವೆ ರಬ್ಬರು ಇಟ್ಟದ್ದು, ಎಲ್ಲ ಇವರೇ.

ಕಳೆದ ವರ್ಷ ಸಕ್ಕರೆ ಕಾಯಿಲೆ ಪೊರ್ಬುಗಳ ಎಡಗಾಲನ್ನು ಮೊಣಕಾಲಿನ ಮೇಲಿಂದ ತೆಗೆದುಕೊಂಡಿತು. ಕ್ಲಚ್ಚು ಒತ್ತುವ ಕಾಲು. ಮಗ ರಾಯ್‌ಸ್ಟನ್ ದುಬೈಯಿಂದ ಫೋನ್ ಮಾಡಿ, "ಇನ್ನು ಎಂತಕ್ಕೆ ಅದು? ಕೊಟ್ಟುಬಿಡಿ" ಎಂದನಂತೆ. ಪೊರ್ಬುಗಳು ಆಟೋ ಹಿಡಿದು ಸೀದಾ ನಮ್ಮ ಮನೆಗೆ ಬಂದರು.

"ದೇವು, ಕ್ಲಚ್ಚು ಕೈಯಲ್ಲಿ ಹಿಡಿಯುವ ಹಾಗೆ ಎಂತಾದರೂ ಮಾಡ್ಲಿಕ್ಕೆ ಆಗ್ತದಾ? ಆದರೆ ಕಾರಿಗೆ ಒಂದೇ ಒಂದು ತೂತು ಕೊರೀಬಾರದು ಮಾರಾಯ."

"ನಾನು ಬೋಟಿನವ ಪೊರ್ಬುಗಳೇ, ತೂತು ಕೊರೆಯುವವನಾ? ಮಾಡ್ತೇನೆ."

ಕಾರು ನಮ್ಮ ಅಂಗಳಕ್ಕೆ ಬಂತು, ಶುರುವಾಯಿತು ನನ್ನ ಗ್ರಹಚಾರ. ಬೋಟಿನ ಗೇರಿಗೆ ಹಾಕುವ ಲಿವರು, ಅದರ ಕೇಬಲ್ಲು. ಲಿವರನ್ನು ಸ್ಟೇರಿಂಗಿನ ಪಕ್ಕ ಪಟ್ಟಿ ಹಾಕಿ ಬಿಗಿಯುವುದು, ಕೇಬಲ್ಲನ್ನು ಕೆಳಗೆ ಪೆಡಲಿಗೆ ಕಟ್ಟುವುದು. ಮೂರು ವಾರ ಹಗಲೆಲ್ಲ ಅದೇ. ನಾನು ಮೀನು ಕೊಯ್ಯುವ ಮಣೆಯ ಮೇಲೂ ಗ್ರೀಸು!

"ನಿಮ್ಮ ಮಂಡೆ ಸಮ ಉಂಟಾ? ಪೊರ್ಬುಗಳನ್ನು ಒಮ್ಮೆ ಕರೆದು ಕೂರಿಸಿ ನೋಡಬಾರದಾ?" ಎಂದೆ.

"ಬೇಡ. ನಾನೇ ಓಡಿಸಿ ನೋಡಿದ್ದೇನೆ, ಸರಿ ಉಂಟು" ಎಂದು ಎದ್ದುಹೋದರು. ನನಗೆ ಗೊತ್ತಿತ್ತು. ಆ ಕಾಲಿಲ್ಲದ ಜಾಗವನ್ನು ನೋಡುವ ಧೈರ್ಯ ಇವರಿಗಿರಲಿಲ್ಲ.

ಭಾನುವಾರ ನಾವಿಬ್ಬರೂ ಹೋಗಿ ಕಾರನ್ನು ಕುಲಶೇಖರಕ್ಕೆ ಮುಟ್ಟಿಸಿದೆವು. ಚರ್ಚಿನ ಪೂಜೆ ಮುಗಿಸಿ ಬಂದ ಪೊರ್ಬುಗಳು ತಮ್ಮ ಅಂಗಳದಲ್ಲೇ ಕಾರು ಹತ್ತಿದರು. ಲಿವರು ಅರ್ಧ ಎಳೆದು ಹಿಡಿದು ಮೆಲ್ಲಗೆ ಎರಡು ಸುತ್ತು ಚಂದ ಹೊಡೆದರು, ಮುಖ ಅರಳಿತ್ತು. ಮೂರನೆಯ ಸುತ್ತಿಗೆ ಅವರ ಹೆಂಡತಿ ಲೂರ್ಡ್ಸ್ ಬಾಯಿ ಚಹಾದ ತಟ್ಟೆ ಹಿಡಿದು ಎದುರಿಗೆ ಬಂದರು. ನಿಲ್ಲಿಸಲು ಪೊರ್ಬುಗಳು ಲಿವರನ್ನು ಮುಂದಕ್ಕೆ ದೂಡಿದರು. ಕಾರು ನಿಲ್ಲುವ ಬದಲು ಹಾರಿತು! ಲೂರ್ಡ್ಸ್ ಬಾಯಿ ಪಕ್ಕಕ್ಕೆ ಜಿಗಿದರು, ಕಾರು ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ನಿಂತಿತು. ಅಲ್ಯೂಮಿನಿಯಂ ಬಾನೆಟ್ಟು ಹಪ್ಪಳದ ಹಾಗೆ ಮಡಚಿತ್ತು.

"ಇನ್ನೊಂದೇ ಸಲ," ಎಂದರು ಬಾಯಿ, ಬಿದ್ದ ತಟ್ಟೆ ಎತ್ತಿಕೊಳ್ಳುತ್ತ. "ಆಗಲೂ ಹೀಗಾದರೆ ಕಾರು ಹೋಗ್ತದೆ. ಕಾಲು ಹೋಯ್ತು, ಜೀವ ಆದರೂ ಇರಲಿ."

ಅದೇ ಕಾರನ್ನು ಇವರು ಮತ್ತೆ ಉಳ್ಳಾಲಕ್ಕೆ ಓಡಿಸಿಕೊಂಡು ಬಂದರು. ಮನೆಗೆ ಬಂದವರೇ ಹಣೆ ಬಡಿದುಕೊಂಡರು. "ಬೋಟಿನಲ್ಲಿ ದೂಡಿದರೆ ಮುಂದೆ ಹೋಗುವುದು, ಎಳೆದರೆ ಗೇರು ಬಿಡುವುದು. ನನ್ನ ಕೈ ಹಾಗೇ ಕಟ್ಟಿಬಿಟ್ಟಿದೆ ಮೋಹಿನಿ! ಐವತ್ತು ವರ್ಷ ಕಾಲಿನಲ್ಲಿ ಕ್ಲಚ್ಚು ದೂಡಿದವರು, ಗಾಬರಿಯಲ್ಲಿ ಇನ್ನೇನು ಮಾಡ್ತಾರೆ? ದೂಡಿಯೇ ದೂಡ್ತಾರೆ."

ಕೇಬಲ್ಲು ತಿರುಗಿಸಿ ಕಟ್ಟಲು ಒಂದು ಗಂಟೆ ಸಾಕಾಯಿತು. ಆದರೆ ಈ ಪ್ರಾಣಿಗೆ ಸಮಾಧಾನ ಎಲ್ಲಿ? ಬಲೆಯ ಹಗ್ಗದಿಂದ ತನ್ನ ಎಡಗಾಲನ್ನು ಸೀಟಿಗೆ ಮಡಚಿ ಕಟ್ಟಿಕೊಂಡು, "ನೀನು ಯಾವಾಗಲಾದರೂ 'ನಿಲ್ಲಿ' ಅಂತ ಬೊಬ್ಬೆ ಹಾಕು" ಎಂದರು. ಹಾಕಿದೆ. ಪ್ರತಿ ಸಲವೂ ಎಡಕ್ಕೆ ವಾಲಿ ಬಿದ್ದರು. ಊರಲು ಕಾಲಿಲ್ಲವಲ್ಲ! ಹಗ್ಗ ಬಿಚ್ಚುವಾಗ ಅವರ ಕಣ್ಣು ತುಂಬಿತ್ತು. ಬೈಯಬೇಕೆಂದಿದ್ದವಳು ಹಗ್ಗ ಸುತ್ತಿ ಇಟ್ಟೆ.

ಮರುದಿನ ಬೆಳಿಗ್ಗೆಯೇ ಕಾರು ತೆಗೆದುಕೊಂಡು ಕುಲಶೇಖರಕ್ಕೆ ಹೋಗಿ ಪೊರ್ಬುಗಳ ಎದುರು ನಿಂತರು. "ನಿಮ್ಮ ಕಾಲು ನೋಡ್ಲಿಕ್ಕಾಗದೆ ದೂರ ನಿಂತು ಕೆಲಸ ಮಾಡಿದೆ. ತಪ್ಪಾಯ್ತು. ಸೀಟಿನಲ್ಲಿ ಕೂತು ಹೇಳಿ, ಎಲ್ಲಿ ಎಂತ ಬೇಕು?"

"ಇದನ್ನು ಕೇಳ್ಲಿಕ್ಕೆ ಇಷ್ಟು ದಿನ ಬೇಕಾಯ್ತಾ ಮಾರಾಯ?" ಎಂದರು ಪೊರ್ಬುಗಳು. ಕೂತು ಹೇಳಿದರು. ಎಡತೊಡೆಗೆ ಆನಿಸಲು ಒಂದು ದಿಂಬು, ಲಿವರು ಎರಡು ಬೆರಳು ಕೆಳಗೆ.

ಬಾನೆಟ್ಟನ್ನು ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸರಿಮಾಡಿದ ಮೇಲೆ ಆ ಇನ್ನೊಂದೇ ಸಲ ಬಂತು. ಹಿಂದೆ ಇಕ್ಕಟ್ಟಿನಲ್ಲಿ ಜಪಸರ ಹಿಡಿದ ಲೂರ್ಡ್ಸ್ ಬಾಯಿ ಮತ್ತು ನಾನು, ಮುಂದೆ ಇವರಿಬ್ಬರು. ನೇತ್ರಾವತಿ ಸೇತುವೆ ದಾಟಿದೆವು. ತೊಕ್ಕೊಟ್ಟಿನಲ್ಲಿ ಎದುರಿಗಿದ್ದ ಬಸ್ಸು ದಿಢೀರನೆ ನಿಂತಿತು. ಲೂರ್ಡ್ಸ್ ಬಾಯಿ ಕಣ್ಣು ಮುಚ್ಚಿದರು. ಪೊರ್ಬುಗಳು ಲಿವರು ದೂಡಿದರು, ಬ್ರೇಕು ಒತ್ತಿದರು. ಕಾರು ಬಸ್ಸಿನ ಹಿಂದೆ ಒಂದು ಮಾರು ದೂರದಲ್ಲಿ ಮೆತ್ತಗೆ ನಿಂತಿತು.

ಪಕ್ಕದಲ್ಲಿ ನನ್ನ ಗಂಡ ಎಡಗಾಲನ್ನು ನೆಲಕ್ಕೆ ಒತ್ತಿ ಹಿಡಿದು ಬೆವರುತ್ತಿದ್ದರು. ಪೊರ್ಬುಗಳು ಆ ಕಾಲನ್ನೇ ನೋಡಿ ನಗತೊಡಗಿದರು.

"ನೀನು ಎಂತಕ್ಕೆ ಒತ್ತುವುದು ದೇವು? ಈ ಕಾರಿಗೆ ಆ ಕಾಲು ಬೇಡ."